ಮೊದಲು ಯಾರು, ಕೊನೆಗೆ ಯಾರು

ಟ್ರಕ್ಕಿನ ಹಿಂಬದಿಯ ಹಲಗೆ ಇಳಿಸಿ ಅದನ್ನೇ ಮೇಜು ಮಾಡಿಕೊಂಡು ರಾಯ್ಸ್ ಹಂದಿಯ ಪಕ್ಕೆಲುಬು ಕೊಯ್ಯುತ್ತಿದ್ದ. ನಾಕ್ಸ್‌ವಿಲ್ಲಿನ ಆ ದೊಡ್ಡ ಸಭಾಂಗಣದ ಪಾರ್ಕಿಂಗ್ ಬಯಲೆಲ್ಲ ಹೊಗೆ, ಬಿಯರು, ನಗು. ಅವನ ಹೆಂಡತಿ ಅರ್ಲೀನ್ ಮಾತ್ರ ತಟ್ಟೆ ಮುಟ್ಟದೆ ಬಾಗಿಲ ಕಡೆಗೇ ಕಣ್ಣು ನೆಟ್ಟು ನಿಂತಿದ್ದಳು.

“ರಾಯ್ಸ್, ಒಳಗೆ ಹೋಗೋಣ.”

“ಅಯ್ಯೋ ಮಾರಾಯ್ತಿ, ನಿನ್ನ ಎಮ್ಮೆಟ್ ಕೇಸಿ ಹಾಡೋದು ಕೊನೇಲಿ. ಮೊದಲು ಆ ಹುಡುಗ ಟಕರ್ ಕುಣೀತಾನೆ. ದೊಡ್ಡೋರು ಯಾವತ್ತಾದ್ರೂ ಮೊದಲು ಹಾಡಿದ್ದುಂಟಾ?”

“ಪೋಸ್ಟರಲ್ಲಿ ಇಬ್ಬರ ಹೆಸರೂ ಒಂದೇ ಅಳತೇಲಿ ಹಾಕಿದಾರಲ್ಲ.”

“ಹಾಕ್ತಾರೆ. ಹುಡುಗ ಮುನಿಸ್ಕೋಬಾರದಲ್ಲ!”

ಪಕ್ಕದ ಟ್ರಕ್ಕಿನವರು ಹೋ ಎಂದು ನಕ್ಕರು. ನಗುವ ಜನ ಸಿಕ್ಕಿದ ಮೇಲೆ ರಾಯ್ಸ್ ಅಲ್ಲಿಂದ ಕಾಲು ಕೀಳುವ ಆಸಾಮಿಯಲ್ಲ. ಇನ್ನೊಂದು ಪಕ್ಕೆಲುಬು ಹೆಂಚಿಗೆ ಬಿತ್ತು.

ಅರ್ಲೀನ್‌ಗೆ ಬೇಕಾಗಿದ್ದದ್ದು ಒಂದೇ ಹಾಡು. ‘ಹಿತ್ತಿಲ ಬಾಗಿಲು’ ಎಂಬ ಆ ಹಾಡು ರೇಡಿಯೋದಲ್ಲಿ ಬರುವಾಗ ಗಿಟಾರು, ಪಿಟೀಲು ಎಲ್ಲವನ್ನೂ ಹೊದ್ದುಕೊಂಡೇ ಬರುತ್ತಿತ್ತು. ಆದರೆ ಸಭೆಯಲ್ಲಿ ಎಮ್ಮೆಟ್ ವಾದ್ಯದವರನ್ನೆಲ್ಲ ಸುಮ್ಮನಿರಿಸಿ ಬರಿಗಂಟಲಿನಲ್ಲಿ ಹಾಡುತ್ತಾನೆ ಎಂದು ಕೇಳಿದವರು ಹೇಳುತ್ತಿದ್ದರು. ಅವಳ ಅಜ್ಜಿ ಹಿಟ್ಟು ನಾದುತ್ತ ಬೈಬಲಿನ ದಾವೀದನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದಳು. ಉಸಿರು ಎಲ್ಲಿ ನಿಂತಿತು, ಎಲ್ಲಿ ನಡುಗಿತು ಎಂಬುದೂ ಅಲ್ಲಿ ಪದದಷ್ಟೇ ಸ್ಪಷ್ಟ. ಅಂಥ ಬರಿದನಿ ಆಮೇಲೆ ಅವಳ ಕಿವಿಗೆ ಬಿದ್ದಿರಲಿಲ್ಲ. ಚರ್ಚಿಗೂ ಈಗ ಡ್ರಮ್ಮು ಬಂದು ಕೂತಿದೆ. ಎಮ್ಮೆಟ್‌ನ ಗಂಟಲು ಸೋತಿದೆ, ಇದೇ ಅವನ ಕಡೆಯ ತಿರುಗಾಟ. ಇವತ್ತು ತಪ್ಪಿದರೆ ತಪ್ಪಿದ ಹಾಗೆಯೇ.

ಕಡೆಗೂ ಹೊರಟು ಸಾಲು ಸೇರಿದರು. ತನ್ನ ಸಾಮಾನನ್ನೆಲ್ಲ ಅರ್ಲೀನ್ ನಿಯಮದಂತೆ ಒಳಗಿನದೆಲ್ಲ ಕಾಣುವ ಗಾಜಿನಂಥ ಚೀಲದಲ್ಲಿ ತುಂಬಿ ತಂದಿದ್ದಳು. ತಡೆದದ್ದು ರಾಯ್ಸ್‌ನ ಜೇಬು.

“ಸರ್, ಚಾಕು ಒಳಗೆ ಬಿಡಲ್ಲ,” ಎಂದಳು ತಪಾಸಣೆಯ ಹುಡುಗಿ. “ಈ ಡಬ್ಬಿಗೆ ಹಾಕಿ, ಇಲ್ಲ ಗಾಡೀಲಿಟ್ಟು ಬನ್ನಿ.”

“ಇದು ನಮ್ಮ ತಾತಂದು ಕಣಮ್ಮಾ! ಚಾಕು ಇಲ್ಲದೆ ಗಂಡಸು ಮನೆ ಬಿಡ್ತಾನಾ?”

“ಚಾಕು ಇಟ್ಕೊಂಡು ಒಳಗಂತೂ ಬರಲ್ಲ ಸರ್.”

“ಹಾಕು ಡಬ್ಬಿಗೆ,” ಎಂದಳು ಅರ್ಲೀನ್ ಹಲ್ಲು ಕಚ್ಚಿ.

“ತಾತನ್ನೇ ತಿಪ್ಪೆಗೆ ಹಾಕು ಅಂದಂಗಾಯ್ತು. ಓಡಿ ಹೋಗಿ ಓಡಿ ಬರ್ತೀನಿ, ಇಲ್ಲೇ ಇರು.”

ಅವನು ಓಡಿದ. ಇಬ್ಬರ ಟಿಕೆಟ್ಟೂ ಅವನ ಫೋನಿನಲ್ಲಿದ್ದವು, ಅವೂ ಓಡಿದವು.

ಗೋಡೆಯ ಆಚೆಯಿಂದ ಗದ್ದಲವೊಂದು ಎದ್ದು ಬಂತು.

“ಯಾರಮ್ಮಾ ಹಾಡ್ತಿರೋದು? ಟಕರಾ?” ಎಂದು ಅರ್ಲೀನ್ ಕೇಳಿದಳು.

“ಎಮ್ಮೆಟ್ ಕೇಸಿ. ಇನ್ನೇನು ಮುಗೀತು.”

“ಅವರು ಕೊನೇಲಲ್ವಾ?”

“ಇಬ್ಬರೂ ಸಮಸಮ ಅಲ್ವಾ ಅಮ್ಮಾ. ಒಂದೂರಲ್ಲಿ ಇವರು ಮೊದಲು, ಇನ್ನೊಂದೂರಲ್ಲಿ ಅವರು. ಇವತ್ತು ಇವರ ಸರದಿ.”

“ನನ್ನೊಬ್ಬಳನ್ನ ಬಿಟ್ಟುಬಿಡು ತಾಯಿ. ಟಿಕೆಟ್ಟು ನನ್ನ ಗಂಡನ ಫೋನಲ್ಲಿದೆ.”

“ಎಲ್ಲರ ಟಿಕೆಟ್ಟೂ ಯಾರದೋ ಫೋನಲ್ಲೇ ಇರುತ್ತಮ್ಮಾ.”

ಅಷ್ಟರಲ್ಲಿ ಒಳಗಿನ ಡ್ರಮ್ಮು ನಿಂತಿತು, ಗಿಟಾರೂ ನಿಂತಿತು. ಅರ್ಲೀನ್‌ಗೆ ಗೊತ್ತಾಯಿತು. ಸಿಮೆಂಟಿನ ಗೋಡೆಗೆ ಹೋಗಿ ಕಿವಿಯಾನಿಸಿದಳು. ಡ್ರಮ್ಮನ್ನು ದಾಟಿಸಿದ ಗೋಡೆ ಒಬ್ಬ ಮನುಷ್ಯನ ದನಿಯನ್ನು ದಾಟಿಸಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಚಪ್ಪಾಳೆ, ಆಲಿಕಲ್ಲು ಸುರಿದ ಹಾಗೆ.

ರಾಯ್ಸ್ ಏದುಸಿರು ಬಿಡುತ್ತ ಬಂದಾಗ ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

“ಆಯ್ತು. ಹಾಡಿ ಆಯ್ತು.”

“ಯಾರು?”

“ದೊಡ್ಡೋರು.”

ಹಾಳಾದ ಸರದಿ, ಹಾಳಾದ ಚಾಕು ಎಂದು ಎಲ್ಲವನ್ನೂ ಬೈದ, ಪಕ್ಕೆಲುಬೊಂದನ್ನು ಬಿಟ್ಟು. ಆಮೇಲೆ ಅವಳ ತೋಳು ಹಿಡಿದ. “ಇರು, ಇರು. ಇಂಥ ಜೋಡಿ ಆಟದಲ್ಲಿ ಕಡೇಗೆ ಇಬ್ಬರೂ ಒಟ್ಟಿಗೆ ಬಂದು ಒಂದು ಹಾಡ್ತಾರೆ. ಅದೇ ಹಾಡು ಹಾಡಿದ್ರೆ?”

ಆ ‘ಹಾಡಿದ್ರೆ’ ಎಂಬ ಒಂದು ಮಾತಿಗೆ ಜೋತುಬಿದ್ದು ಅರ್ಲೀನ್ ಟಕರ್‌ನ ಆಟವನ್ನೆಲ್ಲ ತಡೆದುಕೊಂಡಳು. ಬೆಂಕಿ ಉಗುಳಿದರು, ಹೊಗೆ ಬಿಟ್ಟರು. ಡ್ರಮ್ಮು ಎದೆಗೂಡಿನೊಳಗೇ ಬಡಿದಂತಾಯಿತು. ಮುಂದಿನ ಸಾಲಿನವನ ಟೋಪಿ ಅರ್ಧ ವೇದಿಕೆಯನ್ನು ನುಂಗಿತ್ತು. ಹಿಂದಿನ ಹುಡುಗಿಯೊಬ್ಬಳು ಅವಳ ಹೆಗಲ ಮೇಲೆ ಬಿಯರು ಚೆಲ್ಲಿ, “ಸಾರಿ ಆಂಟೀ,” ಎಂದು ಕಿರುಚಿ ಮತ್ತೆ ಕುಣಿದಳು. ಅರ್ಲೀನ್ ಮನಸ್ಸಿನಲ್ಲೇ ಒಂದು ಕೀರ್ತನೆ ಹೇಳಿಕೊಳ್ಳಲು ನೋಡಿದಳು; ಎರಡನೆಯ ಸಾಲಿಗೇ ಡ್ರಮ್ಮು ಅದನ್ನೂ ತುಳಿಯಿತು.

ಕೊನೆಗೆ ದೀಪಗಳೆಲ್ಲ ಆರಿ ಒಂದೇ ದೀಪ ಉಳಿಯಿತು. ಅದರ ಕೆಳಗೆ ಟಕರ್‌ನ ಪಕ್ಕದಲ್ಲಿ ಎಮ್ಮೆಟ್ ಕೇಸಿ ಬಂದು ನಿಂತ. ರೇಡಿಯೋದಲ್ಲಿ ಅಷ್ಟೆತ್ತರ ಅನ್ನಿಸುತ್ತಿದ್ದವನು ಇಷ್ಟು ಗಿಡ್ಡ. ವಾದ್ಯದವರತ್ತ ಕೈಯೆತ್ತಿ ಸುಮ್ಮನಿರಿಸಿದ.

“ಆ ಹಾಡು ಚೆನ್ನಾಗಿತ್ತು, ಇನ್ನೊಂದ್ಸಲ ಹಾಡಿ ಅಂತ ಕೇಳ್ತಿದಾರೆ,” ಎಂದ ಒರಟು ದನಿಯಲ್ಲಿ. “ಹಾಡಲಾ?”

ಅರ್ಲೀನ್ ಉಸಿರು ಹಿಡಿದಳು. ಅವನು ಬಾಯಿ ತೆರೆದ. ಮೊದಲ ಪದ ಬಂತು, ಅಂಚು ಹರಿದ, ನಡುಗುವ, ಏನನ್ನೂ ಹೊದೆಯದ ಪದ.

“ಇದೇ! ಇದೇ ಕಣೇ ಅರ್ಲೀನ್, ನಿನ್ನ ಹಾಡು!” ರಾಯ್ಸ್ ಅವಳ ಕಿವಿಯಲ್ಲೇ ಕೂಗಿದ. ಕೂಗಿದ್ದು ಸಾಲದೆಂದು ಹಾಡತೊಡಗಿದ.

ಅವಳು ಅಂಗೈಯಿಂದ ಅವನ ಬಾಯಿ ಅಮುಕಿದಳು. ಆದರೆ ಹಿಂದಿನ ಸಾಲು ಹಿಡಿಯಿತು, ಮುಂದಿನ ಟೋಪಿ ಹಿಡಿಯಿತು, ಛಾವಣಿಯ ತನಕ ಇಡೀ ಸಭೆಯೇ ಹಾಡನ್ನು ಎತ್ತಿಕೊಂಡಿತು. ಎಮ್ಮೆಟ್ ನಿಲ್ಲಿಸಿದ. ಕಣ್ಣೊರೆಸಿಕೊಂಡು ನಕ್ಕು, ಮೈಕನ್ನು ಜನರ ಕಡೆಗೆ ಚಾಚಿ ನಿಂತುಬಿಟ್ಟ.

ಒಂದು ಬಾಯನ್ನು ಮುಚ್ಚಬಹುದು. ಅರ್ಲೀನ್ ಆ ಒಂದನ್ನು ಬಿಡಲಿಲ್ಲ. ಅವಳ ಅಂಗೈಯ ಕೆಳಗೆ ರಾಯ್ಸ್ ಇನ್ನೂ ಹಾಡುತ್ತಲೇ ಇದ್ದ.