ಕೆನ್ನೆಯ ಮೇಲಿನ ನೀಲಿ

ಬೆಂಜೊಪೈರೀನ್ ಬಾಟಲಿ ಮುಚ್ಚಿದ ಮೇಲೆ ಆ ಪ್ರಯೋಗಾಲಯದಲ್ಲಿ ಯಾರೂ ಸುಮ್ಮನೆ ಮನೆಗೆ ಹೋಗುವಂತಿರಲಿಲ್ಲ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ನೇರಳೆ ಬೆಳಕಿನ ಕೈದೀಪ ಹಿಡಿದು ಒಬ್ಬರ ಕೈ, ತೋಳುಗಳನ್ನು ಇನ್ನೊಬ್ಬರು ನೋಡಬೇಕು. ಹೊಗೆಯಲ್ಲೂ ಡಾಂಬರಿನಲ್ಲೂ ಇರುವ, ಕ್ಯಾನ್ಸರ್ ತರುವ ಆ ಹಳದಿ ಪುಡಿ ಬರಿಗಣ್ಣಿಗೆ ಕಾಣದಷ್ಟು ಮೆತ್ತಿಕೊಂಡಿದ್ದರೂ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ತಪಾಸಣೆಯ ಹೊಣೆ ಹೊತ್ತ ಹಿರಿಯ ಸಹಾಯಕಿಗೆ ಎಲ್ಲರೂ ಇಟ್ಟ ಹೆಸರು ದೀಪದಕ್ಕ.

ನಿನ್ನೆ ಅವಳ ಕಣ್ಣು ತಪ್ಪಿಸಿದವನು ಇಲಿಯಣ್ಣ. ಇಲಿಗಳ ಬೆನ್ನಿನ ಕೂದಲು ಬೋಳಿಸಿ, ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿಸಿದ ಪುಡಿಯನ್ನು ಬರಿ ಚರ್ಮಕ್ಕೆ ಹಚ್ಚುವುದು ಅವನ ಕೆಲಸ. ಅರ್ಧ ಇಲಿಗಳಿಗೆ ಹೊಸದೊಂದು ಮುಲಾಮನ್ನೂ ಸವರುತ್ತಾರೆ; ಅದು ಕ್ಯಾನ್ಸರ್ ಗಂಟುಗಳನ್ನು ತಡೆಯುತ್ತದೆಯೇ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಮಗಳಿಗೆ ಜ್ವರ ಬಂದಿದೆ ಎಂದು ಶಾಲೆಯಿಂದ ಫೋನ್ ಬಂದಾಗ ಅವನು ಕೈಗವಸು ಕಿತ್ತೆಸೆದು ಹಿಂಬಾಗಿಲಿನಿಂದ ಓಡಿದ್ದ. ಶಾಲೆಯಿಂದ ಮನೆಯವರೆಗೂ ಬಸ್ಸಿನಲ್ಲಿ ಮಗಳು ಅವನ ಸ್ವೆಟರಿನ ತೋಳಿಗೆ ಕೆನ್ನೆಯೊತ್ತಿ ಮಲಗಿದ್ದಳು.

ಇವತ್ತು ಬೆಳಗ್ಗೆ ಅದೇ ಸ್ವೆಟರಿನಲ್ಲಿ ಒಳಗೆ ಬಂದು ಬೆಂಚಿನ ಬಳಿ ನಿಂತವನನ್ನು ದೀಪದಕ್ಕ ಅಲ್ಲೇ ಹಿಡಿದಳು. “ನಿನ್ನೆ ಎಲ್ಲಪ್ಪಾ ಮಾಯ ಆದೆ? ಬಾ, ನಿನ್ನೇದೂ ಇವತ್ತೇ ನೋಡ್ತೀನಿ.”

ಕೋಣೆಯ ದೀಪ ಆರಿಸಿ, ನಗುತ್ತಲೇ ಕೈದೀಪ ಹಿಡಿದಳು. ಸ್ವೆಟರಿನ ಎಡ ತೋಳಿನ ತುದಿಯಲ್ಲಿ ಒಂದು ನೀಲಿ ಗೆರೆ. ಅವಳ ನಗು ನಿಂತಿತು. ಯಾವಾಗಿನದು ಎಂದು ಕೇಳಿದಳು. ಈಗ ತಾನೇ ಬೆಂಚು ಮುಟ್ಟಿದೆ, ಆಗ ತಾಗಿರಬೇಕು ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೆದರಿಕೆಯಾಯಿತು. ನಿಯಮ ಮುರಿದವರನ್ನು ಆ ಕೋಣೆಗೆ ಮತ್ತೆ ಬಿಡುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಸ್ವೆಟರನ್ನು ಕಸದ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು, ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ದಿನವಿಡೀ ಅನ್ನಿಸಿತು.

ಸಂಜೆ ಅವನು ಯಾರಿಗೂ ಹೇಳದೆ ಕೈದೀಪವನ್ನೂ ಅಸಿಟೋನಿನ ಸಣ್ಣ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಅಜ್ಜಿ ಅಡುಗೆಮನೆಯಲ್ಲಿದ್ದಳು. ಜ್ವರ ಇಳಿದಿದ್ದ ಮಗಳು ಇನ್ನೂ ಮುಖ ತೊಳೆಯದೆ ಹಾಸಿಗೆಯಲ್ಲಿ ಕೂತಿದ್ದಳು. ಇದು ನಾವು ಪ್ರಯೋಗಾಲಯದಲ್ಲಿ ಆಡುವ ಆಟ, ಪಾಸಾದವರನ್ನಷ್ಟೇ ಮನೆಗೆ ಹೋಗಲು ಬಿಡುತ್ತೇವೆ ಎಂದು ಹೇಳಿ, ಪರದೆ ಎಳೆದು, ಕಣ್ಣು ಮುಚ್ಚಿಸಿ, ದೀಪ ಹಚ್ಚಿದ.

ದಿಂಬು ಹೊಳೆಯಿತು. ಅಂಗಿಯೂ ಹೊಳೆಯಿತು. ಅದು ಬಟ್ಟೆ ಬಿಳುಪಾಗಿಸುವ ಸೋಪಿನ ಪುಡಿಯ ಹೊಳಪು ಎಂದು ಅವನಿಗೆ ಗೊತ್ತಿತ್ತು. ಆದರೆ ಎಡಗೆನ್ನೆಯ ಮೇಲಿದ್ದ ತೆಳು ನೀಲಿ ಗೆರೆ ಸೋಪಿನದಲ್ಲ.

ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿದ. ಪ್ರಯೋಗಾಲಯದಲ್ಲಿ ಬೆಂಚು, ಗಾಜು ಯಾವುದಕ್ಕೆ ಪುಡಿ ಮೆತ್ತಿದರೂ ಒರೆಸುತ್ತಿದ್ದುದು ಅದರಿಂದಲೇ. ಎಡಗೈಯಿಂದ ಮಗಳ ಗದ್ದ ಹಿಡಿದ. ಅವಳು ಅಲುಗಾಡದೆ ಕಣ್ಣು ಮುಚ್ಚಿ ಕಾದಳು. ಹತ್ತಿ ಕೆನ್ನೆಯ ಹತ್ತಿರ ಬಂದಾಗ ಅವನ ಕೈ ನಿಂತಿತು. ದಿನವೂ ಇಲಿಗಳನ್ನು ಹೀಗೇ ಹಿಡಿಯುತ್ತಿದ್ದ, ಹೀಗೇ ಹಚ್ಚುತ್ತಿದ್ದ. ಪುಡಿಯನ್ನು ಚರ್ಮದೊಳಕ್ಕೆ ಇಳಿಸಲೆಂದೇ ಅಸಿಟೋನಿನಲ್ಲಿ ಕರಗಿಸುತ್ತಿದ್ದ.

ಪಕ್ಕದ ಕೋಣೆಗೆ ಹೋಗಿ ದೀಪದಕ್ಕನಿಗೆ ಫೋನ್ ಮಾಡಿದ.

“ಅಕ್ಕಾ, ಬೆಳಗ್ಗೆ ಸುಳ್ಳು ಹೇಳ್ದೆ. ಅದು ನಿನ್ನೇದು. ಮಗಳ ಕೆನ್ನೆಗೆ ತಾಗಿದೆ.”

“ಒರೆಸ್ದೆಯಾ?”

“ಇಲ್ಲ. ಅಸಿಟೋನ್ ಕೈಯಲ್ಲಿದೆ.”

“ಮೊದ್ಲು ಅದನ್ನ ಮಗು ಹತ್ರದಿಂದ ದೂರ ಇಡು. ಸೋಪು, ನೀರು ಸಾಕು. ಮೆತ್ತಗೆ ತೊಳಿ, ಉಜ್ಬೇಡ.”

ಇಲಿಗಳಿಗೆ ಹಚ್ಚುವುದು ಎಷ್ಟು, ಇದೆಷ್ಟು ಎಂದು ಅವಳು ಸಮಾಧಾನ ಹೇಳಿದಳು. ಆದರೂ ಡಾಕ್ಟರಿಗೆ ತೋರಿಸಲೇಬೇಕು ಎಂದಳು. ಕೊನೆಗೆ, “ನಾಳೆ ಎಲ್ರ ಮುಂದೆ ನೀನೇ ಹೇಳ್ಬೇಕು, ಇಲಿಯಣ್ಣ. ನಾನ್ ಹೇಳೋ ಹಾಗ್ ಮಾಡ್ಬೇಡ.”

ಹೇಳುತ್ತೇನೆ ಎಂದ. ಬಚ್ಚಲಲ್ಲಿ ಕೆನ್ನೆ ತೊಳೆದ. ದೀಪ ಹಿಡಿದರೆ ನೀಲಿ ಇರಲಿಲ್ಲ. ಮತ್ತೆ ತೊಳೆದ.

“ಸಾಕಪ್ಪಾ, ಚಳಿ ಆಗ್ತಿದೆ,” ಎಂದು ಮಗಳು ದೀಪ ಕಿತ್ತುಕೊಂಡಳು. “ಈಗ ನಿನ್ ಕೈ ತೋರ್ಸು.”

ಅವನು ಎರಡೂ ಕೈ ಚಾಚಿದ. ದೀಪದಕ್ಕನಿಗಿಂತ ಗಂಭೀರವಾಗಿ ಅವಳು ಒಂದೊಂದೇ ಬೆರಳು ನೋಡಿದಳು.

“ಪಾಸು. ಮನೆಗೆ ಹೋಗ್ಬಹುದು.”

ಅವಳು ಬೆಚ್ಚಗಿನ ಹಾಸಿಗೆಗೆ ಓಡಿದಳು. ಅವನು ಚಾಚಿದ ಕೈಗಳನ್ನು ಹಾಗೇ ಹಿಡಿದುಕೊಂಡು ಬಚ್ಚಲಲ್ಲೇ ನಿಂತಿದ್ದ.