ಅರ್ಧ ಎತ್ತರದ ಬೆಡ್‌ಶೀಟು

೧.
ಎಲ್ಲಿಂದ ಶುರು ಮಾಡಲಿ? ಅಲೆಯ ಕಥೆ ನೋಡಿ, ನಾನು ಪೆನ್ನು ಹುಡುಕುವಷ್ಟರಲ್ಲಿ ಅದು ಹೊರಟಾಗಿರುತ್ತದೆ. ಮೊಮ್ಮಗಳು ಭೌತಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದಲ್ಲಿಂದ ಶುರು ಮಾಡಿದ್ದೆ. ಅವಳು ಹಿಂದಿನಿಂದ ಇಣುಕಿ, "ಅಜ್ಜೀ, ಮಾನ ಕಳೀಬೇಡ, ಹೊಡೆದುಹಾಕು ಅದನ್ನ" ಎಂದಳು. ಹೊಡೆದುಹಾಕಿದ್ದೇನೆ. (ನೀವು ಓದಲಿಲ್ಲ ಅಂದುಕೊಳ್ಳಿ.)

೨.
ಅವತ್ತು ಸಂಜೆ ಅವಳು ಪುಸ್ತಕ ಹಿಡಿದು ಕೂತಿದ್ದಳು, ಮರುದಿನ ಮೂರನೇ ಸಲದ ಪರೀಕ್ಷೆ. ಇದೂ ಹೋದರೆ ನರ್ಸಿಂಗ್ ಸೀಟು ಕೈತಪ್ಪಿದಂತೆ. ಬೇರೆಲ್ಲ ಬರುತ್ತದೆ, ಫೇಸ್ ಕಾನ್‌ಸ್ಟಂಟ್ ಕೇಳಿದರೆ ಮಾತ್ರ ಕಣ್ಣುಮುಚ್ಚಿ ಸೊನ್ನೆ ಬರೆಯುತ್ತಾಳೆ.

"ಏನೇ ಅದು?"

"ಗಡಿಯಾರ ಒತ್ತಿ ಎಣಿಕೆ ಶುರು ಮಾಡಿದಾಗ ಅಲೆ ತನ್ನ ಸುತ್ತಿನಲ್ಲಿ ಎಷ್ಟನೇ ಡಿಗ್ರೀಲಿತ್ತು ಅನ್ನೋ ಲೆಕ್ಕ. ನಿಂಗೆ ಅರ್ಥ ಆಗಲ್ಲ ಬಿಡು."

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಹೇಗಾದೀತು! ಆದರೆ ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟು ಝಾಡಿಸಿದ್ದೇನೆ. ಒಂದು ತುದಿಗೆ ನಾನು, ಇನ್ನೊಂದಕ್ಕೆ ಜೊತೆ ಕೆಲಸದ ಬುಸುಬುಸಿ. (ಹೆಸರಲ್ಲ, ಮೂಗಿನ ಸದ್ದು.)

೩.
(ಬುಸುಬುಸಿ ಗಂಡನನ್ನು ಓಡಿಸಿದ ಕಥೆ ಇಲ್ಲಿತ್ತು. ಚೆನ್ನಾಗಿಯೇ ಇತ್ತು. ಅಲೆಗೆ ಸಂಬಂಧವಿಲ್ಲವೆಂದು ತೆಗೆದೆ.)

೪.
"ಹಿಡಿ ಆ ತುದಿ." ನೆನೆಸಿದ ಶೀಟನ್ನು ಒಂದೇ ಸಮನೆ ಮೇಲೆ ಕೆಳಗೆ ಆಡಿಸಿದೆ. "ಈಗ! ನನ್ನ ಕೈ ಎಲ್ಲಿದೆ?"

"ನಡುವಿನಿಂದ ಮೇಲಕ್ಕೆ ಅರ್ಧ ಎತ್ತರ. ಸೈನ್ ಅರ್ಧ, ಅಂದ್ರೆ ಮೂವತ್ತು ಡಿಗ್ರಿ" ಎಂದು ಬರೆಯಲು ಬಗ್ಗಿದಳು. ಶೀಟು ಪಟಾರನೆ ಮುಖಕ್ಕೆ ಬಡಿಯಿತು.

"ಕೈ ಇಳೀತಿತ್ತು ಕಣೇ! ಎತ್ತರ ಒಂದೇ ನೋಡಿದ್ರೆ ಸಾಲ್ದು, ಯಾವ ಕಡೆ ಹೊರಟಿದೆ ಅದನ್ನೂ ನೋಡ್ಬೇಕು. ಬುಸುಬುಸಿಗೆ ಹಲ್ಲು ಹೋಗಿದ್ದೇ ಹೀಗೆ."

(ಸ್ವಲ್ಪ ಹೆಚ್ಚಾಯಿತು. ಹಲ್ಲು ಮೊದಲೇ ಅಲ್ಲಾಡುತ್ತಿತ್ತು.)

ಅವಳು ಮುಖ ಒರೆಸಿಕೊಂಡಳು. "ಏರುವಾಗ ಮೂವತ್ತು... ಇಳಿಯುವಾಗ ನೂರೈವತ್ತು!"

ಸೊನ್ನೆ ಬರೆಯಲಿಲ್ಲ.

೫.
ಮುಕ್ತಾಯ ಒಂದು: ಅದೇ ಲೆಕ್ಕ ಬಂತು, ಪಾಸಾದಳು. ("ಥೂ, ಸಿನಿಮಾ ಥರ ಇದೆ" ಎಂದಳು ಹಿಂದಿನಿಂದ.)

ಮುಕ್ತಾಯ ಎರಡು: ಫೇಲಾದಳು. ("ಬಿಡ್ತು ಅನ್ನು!")

ನಡೆದದ್ದು ಇದು. ಅರ್ಧ ಎತ್ತರದ ಅಲೆಯೇ ಬಂತು. ಆದರೆ ಏರುತ್ತಿತ್ತೋ ಇಳಿಯುತ್ತಿತ್ತೋ, ಪ್ರಶ್ನೆ ಬರೆದ ಪುಣ್ಯಾತ್ಮರು ಹೇಳುವುದನ್ನೇ ಮರೆತಿದ್ದರು. ಉಳಿದವರು ಮೂವತ್ತೆಂದು ಬರೆದು ಎದ್ದರಂತೆ. ಇವಳು ಎರಡೂ ಉತ್ತರ ಬರೆದು, ಕೆಳಗೆ ಒಂದು ಸಾಲು ಸೇರಿಸಿದಳು: "ಅಲೆ ಯಾವ ಕಡೆ ಹೊರಟಿತ್ತೆಂದು ನೀವು ತಿಳಿಸಿಲ್ಲ."

ಫಲಿತಾಂಶ ಬಂದಿಲ್ಲ. ಬರುವವರೆಗೆ ಕಾದು ಮುಗಿಸಿ ಎನ್ನಬೇಡಿ, ನಾನು ಮುಗಿಸುವವಳಲ್ಲ.

"ಪೇಪರ್ ತಿದ್ದೋರಿಗೇ ಎದುರುತ್ತರ ಕೊಟ್ಟು ಬಂದಿದೀನಿ. ಫೇಲಾದ್ರೆ ನೀನೇ ಕಾರಣ, ಅಜ್ಜಿ."

"ಪಾಸಾದ್ರೆ?"

"ನಾನು ಓದಿದ್ದು."