ಬ್ರೇಕಕ್ಕ ಗುರಾಣಿ ಹಿಡಿದದ್ದು

ಹದಿನೆಂಟು ವರ್ಷದಿಂದ ಡ್ರೈವಿಂಗ್ ಶಾಲೆಯ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತ ಹೆಂಗಸು ಅವಳು. ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ, ಕಲಿಸುವವರ ಕಾಲಿಗೆಂದೇ. ಗೋಡೆ, ಕಂಬ, ಹಾಲಿನ ವ್ಯಾನು ಎಂದು ನೋಡದೆ ನುಗ್ಗಲು ಹೊರಟ ಎಷ್ಟೋ ಜನರನ್ನು ಅವಳ ಆ ಒಂದು ಕಾಲು ಉಳಿಸಿದೆ. ಅದಕ್ಕೇ ಎಲ್ಲರೂ ಅವಳನ್ನು ಬ್ರೇಕಕ್ಕ ಎನ್ನುತ್ತಾರೆ. ಲಾರಿ ಎದುರಿಗೆ ಬಂದರೂ ಅವಳ ದನಿ ಏರುವುದಿಲ್ಲ. "ಗಾಬರಿ ಬೇಡ, ಕ್ಲಚ್ ಒತ್ತಿ" ಎನ್ನುತ್ತಾಳೆ, ಅಷ್ಟೇ. ಇಂಥವಳು ಒಂದು ಕಂಪ್ಯೂಟರ್ ಆಟದ ಮುಂದೆ ಕೂತು ಗಡಗಡ ನಡುಗಿದಳು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಅವಳ ಜಾಗದಲ್ಲಿ ಕೂತಿದ್ದರೆ ನಿಮ್ಮ ನಗುವೂ ಒಣಗುತ್ತಿತ್ತು.

ಅದು ಐದು ಜನ ಸೇರಿ ಆಡುವ ಆಟ. ಅವರವರು ಅವರವರ ಮನೆಯಲ್ಲೇ ಕೂತು, ಎಲ್ಲರೂ ಒಂದೇ ಕೋಟೆಯೊಳಗೆ ನುಗ್ಗಬೇಕು. ಮೂವರು ಹೊಡೆಯುವವರು. ಒಬ್ಬರು ಗಾಯ ವಾಸಿ ಮಾಡುವ ಹೀಲರ್. ಇನ್ನೊಬ್ಬರು ಟ್ಯಾಂಕ್, ಅಂದರೆ ದೊಡ್ಡ ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ಹೋಗಿ, ರಾಕ್ಷಸನನ್ನು ಕೆಣಕಿ, ಬೀಳುವ ಏಟೆಲ್ಲ ತಾವೇ ತಿನ್ನುವವರು. ಹೊಡೆಯುವವನೊಬ್ಬ ಎಡವಿದರೆ ಯಾರಿಗೂ ಗೊತ್ತಾಗುವುದಿಲ್ಲ. ಟ್ಯಾಂಕ್ ಎಡವಿದರೆ ಐವರೂ ನೆಲಕ್ಕೆ ಬೀಳುತ್ತಾರೆ, ತಪ್ಪು ಯಾರದೆಂದು ಐವರಿಗೂ ಗೊತ್ತಾಗುತ್ತದೆ. ಅದಕ್ಕೇ ಆ ಕೆಲಸಕ್ಕೆ ಜನ ಮುಂದೆ ಬರುವುದಿಲ್ಲ. ಬ್ರೇಕಕ್ಕನೂ ಬಂದವಳಲ್ಲ. ಎರಡು ವರ್ಷದಿಂದ ಎಲ್ಲರ ಹಿಂದೆ ನಿಂತು ಬಾಣ ಬಿಡುತ್ತಾ ಹಾಯಾಗಿದ್ದಳು. ಟ್ಯಾಂಕ್ ಆಗಿದ್ದವನು ಅವಳ ಅಣ್ಣ, ಹೀಲರ್ ಆಗಿದ್ದವಳು ಅಮ್ಮ.

ಅಮ್ಮ ಆಟಕ್ಕೆ ಬಂದದ್ದು ಕೈಗಾಗಿ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡನ್ನು ನಡುಗಿಸಿದ ಹೆಡ್ ನರ್ಸ್ ಅವಳು. ನಿವೃತ್ತಿಯಾದ ಮರುವರ್ಷ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತು. ಬೆರಳಿಗೆ ವ್ಯಾಯಾಮವಾಗಲಿ ಎಂದು ಮೆತ್ತನೆಯ ಚೆಂಡು ಕೊಟ್ಟರೆ, "ಇದನ್ನ ಹಿಸುಕ್ತಾ ಕೂರೋಕೆ ನಾನೇನು ತೊಟ್ಟಿಲಲ್ಲಿರೋ ಮಗುವಾ?" ಎಂದು ಬಲಗೈಯಿಂದ ಕಿಟಕಿಯಾಚೆ ಎಸೆದಳು. ಆಗ ಅಣ್ಣ ಅವಳನ್ನು ಕೀಬೋರ್ಡಿನ ಮುಂದೆ ಕೂರಿಸಿದ. ಅಮ್ಮನಿಗೆ ಆಟದ ಹೆಸರು ಇವತ್ತಿಗೂ ಸರಿಯಾಗಿ ಬಾರದು, ಆದರೆ ಗಾಯಾಳು ಅಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಟದಲ್ಲಿ ಗಾಯ ವಾಸಿ ಮಾಡುವ ಮಂತ್ರಕ್ಕೆ ಡೋಸ್ ಎಂದಳು. ಸಾಯುವವರನ್ನೂ ಎಬ್ಬಿಸುವ ದೊಡ್ಡ ಡೋಸಿನ ಗುಂಡಿಗೆ ಗಾಯಕ್ಕೆ ಹಚ್ಚುವ ಬಿಳಿ ಟೇಪು ಅಂಟಿಸಿ, ಅದನ್ನು ಎಡಗೈಯ ಉಂಗುರಬೆರಳಿಗೇ ಮೀಸಲಿಟ್ಟಳು. ಮೊದಮೊದಲು ಆ ಬೆರಳು ಅಲುಗಾಡುತ್ತಿರಲಿಲ್ಲ. ಒಂದೂವರೆ ವರ್ಷದ ಭಾನುವಾರಗಳು ಕಳೆದ ಮೇಲೆ ಟಕ್ ಎಂದು ಒತ್ತತೊಡಗಿತು. ಅವತ್ತು ಅಮ್ಮ ಅತ್ತಳು. ಅತ್ತಿಲ್ಲ ಎಂದು ಅವಳ ವಾದ.

ಅಷ್ಟರಲ್ಲಿ ಅಣ್ಣನ ಕಣ್ಣಿಗೆ ಆಪತ್ತು ಬಂತು. ಕಣ್ಣಿನೊಳಗಿನ ಪರದೆ ಕಿತ್ತುಬಂದು ಆಪರೇಷನ್ ಆಯಿತು. ಮೂರು ವಾರ ಬೋರಲಾಗೇ ಮಲಗಿರಬೇಕು, ತಲೆ ಎತ್ತುವ ಹಾಗಿಲ್ಲ, ಸ್ಕ್ರೀನ್ ಅಂತೂ ಎರಡು ತಿಂಗಳು ಬೇಡ ಎಂದರು ಡಾಕ್ಟರು. ಅವನು ನಡುಮನೆಯ ಚಾಪೆಯ ಮೇಲೆ ನೆಲ ನೋಡುತ್ತಾ ಮಲಗಿದ. ಅಮ್ಮ ಯಾರಿಗೂ ಹೇಳದೆ ಅಪರಿಚಿತರ ತಂಡವೊಂದಕ್ಕೆ ಸೇರಿ ಆಡಿದಳು. ಆ ಟ್ಯಾಂಕ್ ಕಾಯಲಿಲ್ಲ, ಓಡಿದ. ದೊಡ್ಡ ಡೋಸ್ ಒಂದು ಕ್ಷಣ ತಡವಾಯಿತು. "ಹೀಲರ್ ನಿದ್ದೆ ಮಾಡ್ತಿದಾರಾ, ಸತ್ತೇ ಹೋಗಿದಾರಾ?" ಎಂದು ಬರೆದು ಅವಳನ್ನು ಆಚೆ ಹಾಕಿದರು. ಅಮ್ಮ ಲ್ಯಾಪ್‌ಟಾಪಿಗೆ ದಿಂಬಿನ ಚೀಲ ಹೊದಿಸಿ ಕಪಾಟಿನ ಮೇಲಿಟ್ಟಳು. ಹತ್ತು ದಿನ ಕಳೆದು ಬಂದ ಫಿಸಿಯೋಥೆರಪಿಸ್ಟ್ ಬೆರಳು ಬಗ್ಗಿಸಿ ನೋಡಿ ಹುಬ್ಬು ಗಂಟಿಕ್ಕಿದಳು. "ಉಂಗುರಬೆರಳು ಮತ್ತೆ ಬಿಗೀತಾ ಇದೆ. ಹೀಗೇ ಬಿಟ್ರೆ ಮತ್ತೆ ತಿರುಗಿಸೋದು ಕಷ್ಟ."

ಬ್ರೇಕಕ್ಕ ಅವತ್ತೇ ತೀರ್ಮಾನಿಸಿದಳು. ಗುರಾಣಿ ತಾನೇ ಹಿಡಿಯುವುದು.

ತೀರ್ಮಾನ ಮಾಡುವುದು ಸುಲಭ, ಬಿಡಿ. ಮರುದಿನ ಸಂಜೆ ಕಾರು ನಿಲ್ಲಿಸಿ ಬಂದವಳೇ ಅಪರಿಚಿತರ ತಂಡದಲ್ಲಿ ಟ್ಯಾಂಕ್ ಆಗಿ ನಿಂತಳು. ಕೋಟೆಯ ಬಾಗಿಲು ತೆರೆಯಿತು. ನಾಲ್ವರೂ ಅವಳ ಬೆನ್ನ ಹಿಂದೆ ಸುಮ್ಮನೆ ನಿಂತು ಕಾಯತೊಡಗಿದರು. ಅವಳು ಹೆಜ್ಜೆ ಇಡದೆ ಯಾರೂ ಇಡುವುದಿಲ್ಲ! ಹದಿನೆಂಟು ವರ್ಷ ಇನ್ನೊಬ್ಬರು ಓಡಿಸುವುದನ್ನು ತಡೆದು ಗೊತ್ತಿತ್ತೇ ಹೊರತು, ತಾನು ಮುಂದಾಗಿ ನುಗ್ಗುವುದು ಅವಳಿಗೆ ಗೊತ್ತಿರಲಿಲ್ಲ. ಅಂಗೈ ಬೆವೆತು ಮೌಸ್ ಜಾರಿತು. ಹೇಗೋ ಹೊರಟಳು. ಹೊರಟವಳು ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡಿದಳು. ಕಾರಿನಲ್ಲಿ ಕನ್ನಡಿ ನೋಡುವ ಅಭ್ಯಾಸ ಕುತ್ತಿಗೆಗೇ ಅಂಟಿತ್ತು. ಎಲ್ಲರೂ ಬಂದರಾ ಎಂದು ಎಣಿಸುತ್ತಿರುವಾಗ ಮುಂದಿನಿಂದ ರಾಕ್ಷಸನ ಗದೆ ನೆತ್ತಿಗೆ ಬಿತ್ತು. ಬಿದ್ದೊಡನೆ ಬಲಗಾಲು ಮೇಜಿನ ಕೆಳಗೆ ನೆಲವನ್ನು ಧಪ್ ಎಂದು ಒತ್ತಿತು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು? ಕಾಲು ಸೋತಿತು ಎಂದು ಕೈ ಗುರಾಣಿಯನ್ನು ಹಿಂದಕ್ಕೆ ಸರಿಸಿತು. ಗುರಾಣಿ ಹಿಂದೆ ಸರಿದ ಮೇಲೆ ಗದೆ ಹಿಂದಿದ್ದವರ ಮೇಲೆ. ಐವರೂ ಮಲಗಿದರು.

"ಏನದು ಧಪ್ ಅಂದಿದ್ದು?" ಎಂದು ಚಾಪೆಯಿಂದ ಅಣ್ಣ ಕೂಗಿದ.

"ನನ್ನ ಕಾಲು."

"ಸತ್ತೋದ್ಯಾ?"

"ಎಲ್ಲರನ್ನೂ ಸಾಯಿಸ್ದೆ."

ಅಣ್ಣ ನೆಲಕ್ಕೆ ಮುಖವಿಟ್ಟೇ ನಕ್ಕ. "ಹಿಂದಕ್ಕೆ ಹೋಗ್ಬೇಡ ಕಣೇ. ಭಯ ಆದ್ರೆ ನಿಂತ್ಕೋ. ನಿಂತ್ಕೊಂಡು ಗುರಾಣಿ ಎತ್ತು. ನಾನೂ ಮೊದಲ ತಿಂಗಳು ಉಗಿಸ್ಕೊಂಡೇ ಕಲಿತಿದ್ದು."

ಎರಡನೇ ದಿನ, ಮೂರನೇ ದಿನ ಅದೇ ಹಾಡು. ಒಂದು ತಂಡ ಅವಳನ್ನು ನಡುದಾರಿಯಲ್ಲೇ ಬಿಟ್ಟುಹೋಯಿತು. ಇನ್ನೊಬ್ಬ, "ಟ್ಯಾಂಕ್ ಯಾಕೆ ಹಿಂದೆ ನೋಡ್ತಾರೆ, ಏನಾದ್ರೂ ಬೀಳಿಸ್ಕೊಂಡಿದಾರಾ?" ಎಂದು ಬರೆದ. ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು. ಆದರೂ ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಕಪಾಟಿನ ಮೇಲಿನ ದಿಂಬಿನ ಚೀಲವನ್ನೊಮ್ಮೆ ನೋಡಿ, ಹಲ್ಲು ಕಚ್ಚಿ, ಮತ್ತೊಂದು ತಂಡಕ್ಕೆ ಸೇರಿದಳು.

ಆ ವಾರ ಅವಳ ಹತ್ತಿರ ಕಲಿಯುತ್ತಿದ್ದವನೊಬ್ಬ ಹಲ್ಲಿನ ಡಾಕ್ಟರು. ಊರವರ ಬಾಯಿಗೆ ಕೈ ಹಾಕಿ ದವಡೆ ಹಲ್ಲು ಕೀಳುವ ಮಹಾನುಭಾವ, ಸ್ಟೀರಿಂಗ್ ಹಿಡಿದರೆ ಒಣಗಲು ಹಾಕಿದ ಬಟ್ಟೆಯ ಹಾಗೆ ಅಲುಗುತ್ತಿದ್ದ. ಹಿಂದೊಂದು ಲಾರಿ ಬಂತೆಂದರೆ ಮುಗಿಯಿತು, ಕಣ್ಣು ಕನ್ನಡಿ ಬಿಟ್ಟು ಕದಲುವುದಿಲ್ಲ, ಕಾರು ಫುಟ್‌ಪಾತ್ ಕಡೆಗೆ ತಿರುಗುತ್ತದೆ. ಗುರುವಾರವೂ ಹಾಗೇ ಆಯಿತು. ಬ್ರೇಕಕ್ಕ ಬ್ರೇಕ್ ಒತ್ತಿದಳು.

"ಡಾಕ್ಟ್ರೇ, ಕನ್ನಡಿ ಇರೋದು ಕಣ್ಣು ಹಾಯಿಸೋಕೆ. ಅಲ್ಲೇ ನೆಟ್ಕೊಂಡು ಕೂತ್ರೆ ಹೇಗೆ? ಹಿಂದೆ ಬರೋರಿಗೂ ಕಣ್ಣಿದೆ, ಕಾಲಿದೆ. ಅವರ ಕೆಲಸ ಅವರು ಮಾಡ್ತಾರೆ. ನೀವು ನಿಮ್ಮ ರಸ್ತೆ ನೋಡಿ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಬಾಯಿ ತಾನಾಗಿ ನಿಂತಿತು. ಅಯ್ಯೋ ಮಂಕೇ, ಇದನ್ನೇ ಅಲ್ಲವೇ ನಾಲ್ಕು ದಿನದಿಂದ ನೀನು ಮಾಡುತ್ತಿರುವುದು!

ಡಾಕ್ಟರು ಹಣೆಯ ಬೆವರು ಒರೆಸಿಕೊಂಡು ಕೇಳಿದ. "ಮೇಡಂ, ನಿಮಗೆ ಯಾವತ್ತೂ ಭಯ ಆಗೋದೇ ಇಲ್ವಾ?"

"ನಿನ್ನೆ ಸಂಜೆ ಆರು ಸಲ ಸತ್ತೆ," ಎಂದಳು ಬ್ರೇಕಕ್ಕ. "ಗೇರ್ ಹಾಕಿ, ಹೋಗೋಣ."

ಅವತ್ತಿನಿಂದ ಅವಳು ಬಲಗಾಲನ್ನು ಕುರ್ಚಿಯ ಮೇಲೆ ಮಡಚಿಟ್ಟು ಅದರ ಮೇಲೇ ಕೂತಳು. ಒತ್ತಲು ಕಾಲೇ ಇಲ್ಲ ಅಂದ ಮೇಲೆ ಒತ್ತುವುದೇನು! ಕಾಲು ಜುಮ್ಮೆಂದು ಜೋಮು ಹಿಡಿಯಿತು, ಹಿಡಿಯಲಿ ಎಂದಳು. ಹಿಂದೆ ನೋಡಬೇಕೆನಿಸಿದರೆ ಒಂದು ಸಲ ಕಣ್ಣು ಹಾಯಿಸಿ ತಕ್ಷಣ ತೆಗೆದಳು. ಕೋಟೆಗೆ ಕಾಲಿಡುವ ಮುಂಚೆಯೇ "ನಾನು ಹೊಸಬಳು, ತಪ್ಪಾದರೆ ಹೇಳಿ" ಎಂದು ಬರೆದಳು. ಕೆಲವರು ಬಿಟ್ಟುಹೋದರು. ಕೆಲವರು, "ಆಯ್ತು, ನಿಧಾನ ಹೋಗಿ" ಎಂದರು. ಹೀಗೂ ಜನ ಇರುತ್ತಾರೆ ಎಂದು ಅವಳಿಗೆ ಆಶ್ಚರ್ಯವಾಯಿತು. ಶನಿವಾರ ಹಲ್ಲಿನ ಡಾಕ್ಟರು ಪರೀಕ್ಷೆ ಪಾಸಾದ. ಅದೇ ಸಂಜೆ ಬ್ರೇಕಕ್ಕ ಮೊದಲ ಬಾರಿಗೆ ಒಂದು ಕೋಟೆ ಮುಗಿಸಿದಳು, ಮುಗಿಸಿದವಳೇ ಕಪಾಟಿನ ಮೇಲಿಂದ ದಿಂಬಿನ ಚೀಲ ಇಳಿಸಿ ಅಮ್ಮನ ಮುಂದಿಟ್ಟಳು.

"ನಾಳೆ ಮೂರು ಗಂಟೆಗೆ. ನಾನು ಟ್ಯಾಂಕ್. ನಿನಗೋಸ್ಕರ ಎಷ್ಟು ಹೊತ್ತು ಬೇಕಾದ್ರೂ ಕಾಯ್ತೀನಿ."

ಅಮ್ಮನ ಮುಖ ಗಂಟಾಯಿತು. "ಬೇಡ ತೆಗಿ."

"ಯಾಕಮ್ಮಾ?"

"ಕಾಯೋಳು ನನಗೆ ಬೇಡ. ಹೆಜ್ಜೆಗೊಂದು ಸಲ ತಿರುಗಿ, ಅಯ್ಯೋ ಪಾಪ ಬಂದಳಾ ಅಂತ ನೋಡೋದಕ್ಕಿಂತ ಆ ಅಪರಿಚಿತರೇ ಮೇಲು, ಬಾಯಿಗೆ ಬಂದ ಹಾಗೆ ಬೈದ್ರು, ಮುಗೀತು. ನಾನು ನರ್ಸು ಕಣೇ. ರೋಗಿ ನನ್ನನ್ನ ಕಾಯ್ಬಾರ್ದು, ನಾನು ಅವನನ್ನ ಕಾಯ್ಬೇಕು." ಅಮ್ಮ ಎಡಗೈಯನ್ನು ಬಲಗೈಯಿಂದ ಮಡಿಲಿಗೆ ಎಳೆದುಕೊಂಡಳು. "ಒಂದು ಸಲವೂ ಹಿಂದೆ ನೋಡಲ್ಲ ಅಂತ ಮಾತು ಕೊಡು, ಬರ್ತೀನಿ. ಡೋಸ್ ತಡ ಆದ್ರೆ ಆಗ್ಲಿ. ಆಮೇಲೆ ಈ ಲ್ಯಾಪ್‌ಟಾಪ್ ಯಾರಿಗಾದ್ರೂ ಕೊಟ್ಬಿಡಿ."

ಬ್ರೇಕಕ್ಕ ಲೆಕ್ಕ ಹಾಕಿದಳು. ಕಾಯದೆ ಹೋಗಿ ಬೆರಳು ಬಾರದಿದ್ದರೆ, ಅಮ್ಮ ಆಡಿದ ಮಾತು ಹಿಂದೆ ತೆಗೆದುಕೊಳ್ಳುವವಳಲ್ಲ. ಆಟವೂ ಹೋಯಿತು, ಕೈಯೂ ಹೋಯಿತು. ಚಾಪೆಯ ಕಡೆ ನೋಡಿದಳು.

"ಮಾತು ಕೊಟ್ಟೆ," ಎಂದಳು.

ಭಾನುವಾರ ಮೂರು ಗಂಟೆಗೆ ಊಟದ ಮೇಜಿನ ಆಚೆ ಬದಿಗೆ ಅಮ್ಮ, ಈಚೆ ಬದಿಗೆ ಬ್ರೇಕಕ್ಕ, ಕೆಳಗೆ ಅಣ್ಣ. ತಂಡಕ್ಕೆ ಅಣ್ಣನ ಜೊತೆ ಕೆಲಸ ಮಾಡುವ ಇಬ್ಬರು ಲಿಫ್ಟ್ ಮೆಕ್ಯಾನಿಕ್‌ಗಳು ಸೇರಿದರು. ಬಾಣದವಳು ಗುರಾಣಿ ಹಿಡಿದಿದ್ದರಿಂದ ಐದನೆಯ ಜಾಗಕ್ಕೆ ಒಬ್ಬ ಅಪರಿಚಿತ ಬಂದ. ಬಂದವನೇ "ಬೇಗ" ಎಂದು ಬರೆದ.

"ನಾನು ಹೊಸಬಳು," ಎಂದು ಬರೆದು ಬ್ರೇಕಕ್ಕ ಹೆಜ್ಜೆಯಿಟ್ಟಳು.

ಮೊದಲೆರಡು ಕೋಣೆ ಹೇಗೋ ದಾಟಿತು. ಮೂರನೆಯದರಲ್ಲಿ ಕಲ್ಲಿನ ಗೂಳಿ. ಅದು ಮೂಗಿನಿಂದ ಬೆಂಕಿ ಉಗುಳುತ್ತದೆ, ಅದರ ಮುಖ ಗೋಡೆಯ ಕಡೆಗೇ ಇರುವ ಹಾಗೆ ಟ್ಯಾಂಕ್ ನಿಲ್ಲಬೇಕು. ಬ್ರೇಕಕ್ಕ ನಿಂತಳು. ಅಷ್ಟರಲ್ಲಿ ಮೇಜಿನಾಚೆಯಿಂದ ಅಮ್ಮ ಒಮ್ಮೆ ಕೆಮ್ಮಿದಳು. ಅಷ್ಟೇ ಸಾಕಾಯಿತು. ಅಮ್ಮನನ್ನು ನೋಡಲು ಕೈ ತಾನಾಗಿ ತಿರುಗಿತು, ಜೊತೆಗೆ ಗೂಳಿಯೂ ತಿರುಗಿತು, ಬೆಂಕಿ ನೇರ ಹೋಗಿ ಅಮ್ಮನ ಮೇಲೇ ಬಿತ್ತು. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಮಲಗಿದರು.

"ಹೀಲರ್ ಎಲ್ಲಿ?" ಎಂದು ಅಪರಿಚಿತ ಬರೆದ.

ಬ್ರೇಕಕ್ಕನಿಗೆ ಬಂತು ನೋಡಿ ಸಿಟ್ಟು. ಬೆರಳುಗಳು ಕೀಬೋರ್ಡನ್ನು ಕುಟ್ಟಿದವು. "ಹೀಲರ್ ತಪ್ಪಿಲ್ಲ. ಗೂಳಿ ತಿರುಗಿಸಿದ್ದು ನಾನು. ಇನ್ನೊಂದು ಸಲ ಹೋಗ್ತೀವಿ. ಇರೋದಾದ್ರೆ ಇರಿ."

ಅವನು ಇದ್ದ. ಅಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ಮತ್ತೆ ಕೀಬೋರ್ಡಿನ ಮೇಲಿಟ್ಟಳು. ಇದೇ ಕೊನೆ ಎಂದು ಅಮ್ಮನಿಗೂ ಮಗಳಿಗೂ ಗೊತ್ತಿತ್ತು.

ಬ್ರೇಕಕ್ಕ ಕಾಲನ್ನು ಇನ್ನಷ್ಟು ಒಳಗೆ ಮಡಚಿದಳು. ಕೈ ಇನ್ನೂ ನಡುಗುತ್ತಿತ್ತು. ನಡುಗಿದರೆ ನಡುಗಲಿ, ಹಲ್ಲಿನ ಡಾಕ್ಟರು ನಡುಗುತ್ತಲೇ ಪಾಸಾಗಲಿಲ್ಲವೇ? ಗೂಳಿಯನ್ನು ಕೆಣಕಿದಳು, ಗೋಡೆಗೆ ಬೆನ್ನು ಕೊಟ್ಟು ನಿಂತಳು, ಕಣ್ಣನ್ನು ಅದರ ಕೊಂಬಿನ ಮೇಲೇ ಇಟ್ಟಳು. ಬೆಂಕಿ ಬಂತು. ಗುರಾಣಿ ಎತ್ತಿದಳು. ಅಮ್ಮನ ಸಣ್ಣ ಡೋಸ್‌ಗಳು ಒಂದೊಂದಾಗಿ ಬಂದವು, ಅವೆಲ್ಲ ಬಲಗೈಯವು. ಗೂಳಿಗೆ ಅರ್ಧ ಜೀವ ಉಳಿದಾಗ ಅದು ಕೆರಳಿತು. ಏಟಿನ ಮೇಲೆ ಏಟು. ಸ್ಕ್ರೀನಿನ ಮೇಲೆ ಬ್ರೇಕಕ್ಕನ ಉಳಿದ ಜೀವ ತೋರಿಸುವ ಹಸಿರು ಪಟ್ಟಿ ಅರ್ಧಕ್ಕೆ ಇಳಿಯಿತು, ಕಾಲುಭಾಗಕ್ಕೆ ಇಳಿಯಿತು.

"ಏನಾಗ್ತಿದೆ? ಯಾರಾದ್ರೂ ಹೇಳ್ರೋ!" ಎಂದು ಅಣ್ಣ ಚಾಪೆಗೆ ಗುದ್ದಿದ.

ಇನ್ನೊಂದು ಏಟು. ಪಟ್ಟಿಯಲ್ಲಿ ಉಗುರಿನಷ್ಟು ಕೆಂಪು ಉಳಿಯಿತು. ಇನ್ನು ಸಣ್ಣ ಡೋಸಿನಿಂದ ಆಗುವುದಿಲ್ಲ, ದೊಡ್ಡದೇ ಬೇಕು. ಹಿಂದಕ್ಕೆ ಸರಿಯಲು ಕೈ ಕೇಳಿತು, ತಿರುಗಿ ನೋಡಲು ಕುತ್ತಿಗೆ ಕೇಳಿತು. ಬ್ರೇಕಕ್ಕ ಎರಡಕ್ಕೂ ಇಲ್ಲ ಎಂದಳು. ನಿಂತ ಜಾಗದಲ್ಲೇ ನಿಂತು, ಮಾತು ಕೊಟ್ಟಿದ್ದೀನಿ, ಮಾತು ಕೊಟ್ಟಿದ್ದೀನಿ ಎಂದು ಬಾಯಲ್ಲೇ ಮಣಮಣಿಸುತ್ತಾ ಗೂಳಿಯ ಕೊಂಬು ನೋಡಿದಳು.

ಟಕ್.

ಪಟ್ಟಿ ತುಂಬಿ ಹಸಿರಾಯಿತು. ಮೆಕ್ಯಾನಿಕ್‌ಗಳು ಇದ್ದಬದ್ದದ್ದೆಲ್ಲ ಹೊಡೆದರು, ಅಪರಿಚಿತ ಹೊಡೆದ, ಬ್ರೇಕಕ್ಕ ಗುರಾಣಿಯಿಂದಲೇ ಗುದ್ದಿದಳು. ಗೂಳಿ ಮೊಣಕಾಲೂರಿ ಪುಡಿಪುಡಿಯಾಯಿತು. "ಒಳ್ಳೇ ಡೋಸ್," ಎಂದು ಮೆಕ್ಯಾನಿಕ್ ಒಬ್ಬ ಬರೆದ. "ಹೌದು," ಎಂದು ಅಪರಿಚಿತ ಬರೆದ.

ಆಗ ಬ್ರೇಕಕ್ಕ ತಲೆ ಎತ್ತಿ ಮೇಜಿನಾಚೆ ನೋಡಿದಳು. ಅಮ್ಮನ ಬಲಗೈ ಮೌಸಿನ ಮೇಲಿತ್ತು. ಎಡಗೈಯ ಉಂಗುರಬೆರಳು ಬಿಳಿ ಟೇಪಿನ ಗುಂಡಿಯನ್ನು ಇನ್ನೂ ಒತ್ತಿಕೊಂಡೇ ಇತ್ತು, ಸಣ್ಣಗೆ ಅದುರುತ್ತಾ. ಅಮ್ಮನ ಕೆನ್ನೆ ಒದ್ದೆಯಾಗಿತ್ತು.

"ಹಿಂದೆ ನೋಡ್ಬೇಡ ಅಂದಿದ್ದೆ," ಎಂದಳು ಅಮ್ಮ. "ಮುಂದೆ ನೋಡು. ಇನ್ನೂ ಎರಡು ಕೋಣೆ ಇದೆ."